ಅಂಗಳಕ್ಕೆ ಇಳಿದು ಬಂದ ಶಿಶುಶಾಲೆ: ತಾರಾಬಾಯಿ ಮೋಡಕ್

ಅಂಧೇರಿ ನಿಲ್ದಾಣದಲ್ಲಿ ನಿಂತು ವಿರಾರ್ ಕಡೆಗೆ ಹೋಗುವ ಗಾಡಿಗಳಿಗಾಗಿ ಕಾಯುವುದು ನಮ್ಮ ನಿತ್ಯಜೀವನದ ಒಂದು ಅಂಗವೇ ಆಗಿಬಿಟ್ಟಿದೆ. ಅವುಗಳ ನಡುವೆ ದಿನಕ್ಕೆ ಕೆಲವು ಬಾರಿ ಡಹಾಣೂ ರೋಡ್ ಎಂಬ ಹೆಸರು ಹೊತ್ತ ಗಾಡಿಯೂ ಬರುತ್ತದೆ. 2013ರಿಂದ ಉಪನಗರ ರೈಲು ಸೇವೆ ಅಲ್ಲಿಯವರೆಗೂ ವಿಸ್ತರಿಸಿದೆ. ಅದರಾಚೆಗಿನ ಘೋಲ್ವಡ್, ಬೋರ್ಡಿ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಚಿಕ್ಕೂ ತೋಟಗಳು ಹಾಗೂ ಜನಜಂಗುಳಿಯಿಲ್ಲದ ಕಡಲತೀರ. ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಂದ ಕುಟುಂಬಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಊರೂರಿನ ಕನ್ನಡಿಗರ ಬಾಯಲ್ಲಿ ಇಂದು ಮನೆಮಾತಾಗಿರುವ ಅಂಗನವಾಡಿ ಎಂಬ ಕಲ್ಪನೆ ಮೊಳೆತದ್ದು ಅದೇ ಬೋರ್ಡಿಯಲ್ಲಿ ಎಂಬುದನ್ನು ಬಲ್ಲವರು ವಿರಳ. ನಮ್ಮ ಅಂಗಳ, ಅಂಗಣಗಳಿಗೆ ಹತ್ತಿರವಾಗಿರುವುದರಿಂದ ಆ ಪದ ನಮ್ಮದೇ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಅದರ ಹಿಂದಿರುವ ತಾರಾಬಾಯಿ ಮೋಡಕ್ ಅವರ ಜೀವನಚರಿತ್ರೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ತಾರಾಬಾಯಿಯವರು ಜನಿಸಿದ್ದು 1892ರ ಏಪ್ರಿಲ್ 19ರಂದು, ಇದೇ ಮುಂಬಯಿಯಲ್ಲಿ. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ದಂಪತಿಗಳಿಬ್ಬರೂ 1867ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಪ್ರಾರ್ಥನಾ ಸಮಾಜದ ವಾತಾವರಣದಲ್ಲಿ ಬಾಳಿದವರು. ಅವರದು ವಿಧವಾ ಪುನರ್ವಿವಾಹ. ವಿಧವೆಯರ ಮರುಮದುವೆಗೆ ಕಾನೂನಿನ ಸಮ್ಮತಿ 1856ರಲ್ಲೇ ದೊರೆತಿದ್ದರೂ ಸಮಾಜದ ಸಮ್ಮತಿ ದೊರೆತಿರಲಿಲ್ಲ. ಅಂಥ ಮದುವೆಯಾದವರು ಬಂಧುಬಳಗದ ಪಂಕ್ತಿಯಿಂದ ಹೊರಗುಳಿಯಬೇಕಾಗಿದ್ದ ಕಾಲವದು. ಹೀಗಾಗಿ ರೂಢಿಯನ್ನು ಮೀರಿ ನಡೆಯುವುದು ತಾರಾಬಾಯಿಯವರಿಗೆ ಹುಟ್ಟಿನಿಂದಲೇ ಪರಿಚಿತವಾಗಿತ್ತು. 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆಯಾದರು. ಮರುವರ್ಷ ಅಮರಾವತಿಯ ವಕೀಲರಾದ ಮೋಡಕ್ ಅವರೊಂದಿಗೆ ವಿವಾಹವಾಯಿತು. ಆ ದಾಂಪತ್ಯ ಬಹುಕಾಲ ಉಳಿಯಲಿಲ್ಲ. 1921ರ ಹೊತ್ತಿಗೆ ಅವರು ಪುಟ್ಟ ಮಗಳೊಂದಿಗೆ ಸ್ವತಂತ್ರ ಜೀವನವನ್ನು ಆರಿಸಿಕೊಂಡಿದ್ದರು. ಆ ಕಾಲದ ಹೆಣ್ಣೊಬ್ಬಳಿಗೆ ಈ ಹೆಜ್ಜೆ ಎಷ್ಟು ದುಬಾರಿಯಾಗಿದ್ದಿರಬಹುದೆಂಬುದನ್ನು ನಮ್ಮ ಅಜ್ಜಿಯಂದಿರನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಮುಂದೆ ಅವರು ರಾಜಕೋಟೆಯ ಬಾರ್ಟನ್ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಗೌರವದ ಹುದ್ದೆ, ನೆಮ್ಮದಿಯ ಸಂಬಳ. ಆದರೆ ಅವರ ಮನಸ್ಸನ್ನು ಸೆಳೆದದ್ದು ಅನತಿ ದೂರದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ನಡೆಸುತ್ತಿದ್ದ ಪ್ರಯೋಗ. ಗಿಜುಭಾಯಿ ವೃತ್ತಿಯಿಂದ ವಕೀಲರು. ತಮ್ಮ ಮಗನ ಶಿಕ್ಷಣ ಹೇಗಿರಬೇಕೆಂದು ಯೋಚಿಸುತ್ತ ಹೋಗಿ, ಕಡೆಗೆ ವಕೀಲಿಯನ್ನೇ ತೊರೆದು, 1920ರಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರವನ್ನು ಆರಂಭಿಸಿದವರು. ಗುಜರಾತಿನ ಜನ ಅವರನ್ನು ಪ್ರೀತಿಯಿಂದ ಮೀಸೆಯುಳ್ಳ ತಾಯಿ ಎಂದು ಕರೆಯುತ್ತಿದ್ದರಂತೆ. 1923ರಲ್ಲಿ ತಾರಾಬಾಯಿಯವರು ಪ್ರಾಂಶುಪಾಲೆಯ ಹುದ್ದೆಯನ್ನು ಬಿಟ್ಟು ಆ ಬಾಲಮಂದಿರವನ್ನು ಸೇರಿದರು. ಅಲ್ಲಿ ಕಳೆದ ಒಂಬತ್ತು ವರ್ಷಗಳು ಅವರ ನಿಜವಾದ ವಿದ್ಯಾಭ್ಯಾಸದ ವರ್ಷಗಳು ಎನ್ನಬಹುದು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಸ್ಥಾಪನೆಗೊಂಡಿತು. ಶಿಕ್ಷಣ ಪತ್ರಿಕೆಯನ್ನು ಮೊದಲು ಗುಜರಾತಿಯಲ್ಲಿ, ಅನಂತರ ಮರಾಠಿಯಲ್ಲಿ ಹೊರತಂದು ತಂದೆತಾಯಿಗಳಿಗೆ ಮಗುವಿನ ಮನಸ್ಸನ್ನು ಪರಿಚಯಿಸುವ ಕಾರ್ಯವೂ ನಡೆಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಭಾವನಗರದ ಪ್ರಯೋಗಕ್ಕೆ ಆಧಾರವಾಗಿದ್ದುದು ಇಟಲಿಯ ಡಾ. ಮಾರಿಯಾ ಮಾಂಟೆಸ್ಸರಿಯವರ ಪದ್ಧತಿ. ಇಂದು ನಮ್ಮ ಅಂಧೇರಿ, ಲೋಖಂಡ್‌ವಾಲಾ ಪರಿಸರದಲ್ಲಿ ಮಾಂಟೆಸ್ಸರಿ ಎಂದರೆ ದುಬಾರಿ ಶುಲ್ಕದ ಶಾಲೆ ಎಂಬ ಅರ್ಥ ಬೇರೂರಿದೆ. ಆದರೆ ಆ ವೈದ್ಯೆ ತಮ್ಮ ಕಾರ್ಯವನ್ನು ತೊಡಗಿದ್ದು ರೋಮಿನಲ್ಲಿ, ಬುದ್ಧಿಮಾಂದ್ಯರೆಂದು ಬದಿಗೆ ಸರಿಸಲ್ಪಟ್ಟಿದ್ದ ಮಕ್ಕಳೊಂದಿಗೆ. ಕೈಗೆ ಮುಟ್ಟಲು, ಎತ್ತಲು, ಜೋಡಿಸಲು ವಸ್ತುಗಳನ್ನು ಕೊಟ್ಟರೆ ಆ ಮಕ್ಕಳೂ ಕಲಿಯುತ್ತಾರೆಂಬುದನ್ನು ಅವರು ಕಂಡುಕೊಂಡರು. 1907ರ ಜನವರಿ 6ರಂದು ಅವರು ತೆರೆದ ಮೊದಲ ಮಕ್ಕಳ ಮನೆ ಇದ್ದದ್ದೂ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ದುಡಿಯಲು ಹೋದ ತಾಯಂದಿರ ಮಕ್ಕಳು ಹಗಲಿಡೀ ಮೆಟ್ಟಿಲುಗಳಲ್ಲಿ ಅಲೆಯುತ್ತಿದ್ದ ವಠಾರವದು. ಅಂದರೆ ಈ ಪದ್ಧತಿಯ ಬೇರು ಇರುವುದು ಅಪಾಯದ ಅಂಚಿನಲ್ಲಿರುವ ಮಕ್ಕಳ ಲೋಕದಲ್ಲಿ. ಅದು ಉಳ್ಳವರ ಸೊತ್ತಾದದ್ದು ತರುವಾಯ.

ತಾರಾಬಾಯಿಯವರ ಜೀವನದಲ್ಲೂ ಈ ವಿರೋಧಾಭಾಸ ಎದುರಾಯಿತು. 1932ರಲ್ಲಿ ಭಾವನಗರವನ್ನು ಬಿಟ್ಟು ಬಂದ ಅವರು 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಸ್ಥಾಪಿಸಿದರು. ಮಾಟುಂಗಾ, ದಾದರ್ ಪರಿಸರದಲ್ಲಿ ಬೆಳೆದ ನಮ್ಮ ಹಿರಿಯರಿಗೆ ಆ ಹೆಸರು ಅಪರಿಚಿತವಲ್ಲ. ಸಂಸ್ಥೆ ಬೆಳೆಯಿತು, ಶಿಕ್ಷಕಿಯರ ತರಬೇತಿ ನಡೆಯಿತು, ಹೆಸರೂ ಬಂತು. ಆದರೆ ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಓದು ಬಲ್ಲ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಮನೆಗಳ ಮಕ್ಕಳು. ಈ ಮಕ್ಕಳು ತಾವಿಲ್ಲದಿದ್ದರೂ ಹೇಗೋ ಬೆಳೆದುಕೊಳ್ಳುತ್ತಾರೆ. ಬೆಳೆಯಲಾರದವರು ಶಿಶುವಿಹಾರದ ಬಾಗಿಲಿನವರೆಗೂ ಬರುತ್ತಿಲ್ಲ ಎಂಬ ಅರಿವು ಅವರನ್ನು ಕಾಡತೊಡಗಿತು. ಗಾಂಧೀಜಿಯವರ ನಯೀ ತಾಲೀಮಿನ ವಿಚಾರವೂ ಆಗ ಶಾಲೆಗೆ ಮುಂಚಿನ ವಯಸ್ಸಿನತ್ತ ಹೊರಳಿತ್ತು.

1945ರ ಡಿಸೆಂಬರಿನಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಸಾಮಾನ್ಯವಾಗಿ ನಾವು ನಿವೃತ್ತಿಯ ಲೆಕ್ಕಾಚಾರಕ್ಕೆ ತೊಡಗುವ ವಯಸ್ಸು ಅದು. ಆಗಿನ ಠಾಣೆ ಜಿಲ್ಲೆಯ ಆ ಮೂಲೆ ಪ್ರಶಾಂತವೇನೂ ಆಗಿರಲಿಲ್ಲ. ಅದೇ ವರ್ಷ ತಲಾಸರಿ, ಡಹಾಣೂ ಭಾಗದ ವಾರ್ಲಿ ಆದಿವಾಸಿಗಳು ಗೋದಾವರಿ ಪರುಳೇಕರ್ ಅವರ ನೇತೃತ್ವದಲ್ಲಿ ಬಿಟ್ಟಿಚಾಕರಿಯ ವಿರುದ್ಧ ಎದ್ದು ನಿಂತಿದ್ದರು. ಜಮೀನ್ದಾರರ ತೋಟಗಳಲ್ಲೂ ಕಾಡಿನ ಕಂತ್ರಾಟುಗಳಲ್ಲೂ ಬೆವರು ಸುರಿಸುತ್ತಿದ್ದ ತಂದೆತಾಯಿಗಳ ಕೂಸುಗಳು ಹಗಲಿಡೀ ಯಾರ ಆರೈಕೆಯಲ್ಲಿರುತ್ತವೆ ಎಂದು ಕೇಳುವವರಿರಲಿಲ್ಲ. ಹೋರಾಟದ ದಾರಿ ಒಂದು, ತಾರಾಬಾಯಿಯವರ ದಾರಿ ಇನ್ನೊಂದು. ಯಾವುದು ಮೇಲು ಎಂಬ ತೀರ್ಪನ್ನು ನಾವು ಕೊಡಹೊರಟಿಲ್ಲ. ಒಂದೇ ನೆಲದಲ್ಲಿ ಒಂದೇ ವರ್ಷ ಇವೆರಡೂ ಆರಂಭಗೊಂಡವೆಂಬುದು ನಮಗೆ ಗಮನಾರ್ಹವಾಗಿ ತೋರುತ್ತದೆ.

ಬೋರ್ಡಿಯಲ್ಲಿ ಅವರ ಜೊತೆಗೆ ನಿಂತವರು ಅನುತಾಯಿ ವಾಘ್. 1910ರಲ್ಲಿ ಜನಿಸಿದ ಅನುತಾಯಿ ಹದಿಮೂರರ ಹರೆಯದಲ್ಲಿ ಮದುವೆಯಾಗಿ, ಆರು ತಿಂಗಳೊಳಗೆ ವಿಧವೆಯಾಗಿ, ಛಲದಿಂದ ಓದಿ ಪುಣೆಯಲ್ಲಿ ಅಧ್ಯಾಪಕಿಯಾಗಿದ್ದವರು. ಈ ಇಬ್ಬರು ಕೇಂದ್ರದ ಬಾಲವಾಡಿಯನ್ನು ತೆರೆದು ಕುಳಿತರು. ಊರೊಳಗಿನ ಕೆಲವು ಮಕ್ಕಳು ಬಂದವು. ಆದರೆ ಯಾರಿಗಾಗಿ ದಾದರನ್ನು ಬಿಟ್ಟು ಬಂದಿದ್ದರೋ ಆ ದಲಿತ ಕೇರಿಯ, ಆದಿವಾಸಿ ಪಾಡಾಗಳ ಮಕ್ಕಳು ಬರಲಿಲ್ಲ. ಕಾರಣಗಳು ಹಲವು. ಕೆಲವರಿಗೆ ದಾರಿ ದೂರ, ಕೆಲವರಿಗೆ ಮೈಮೇಲೆ ಬಟ್ಟೆಯಿಲ್ಲ, ಮತ್ತೆ ಕೆಲವರಿಗೆ ಊರಿನ ಕಟ್ಟಡದೊಳಕ್ಕೆ ಕಾಲಿಡುವುದಕ್ಕೇ ಅಂಜಿಕೆ. ಆಗ ತಾರಾಬಾಯಿಯವರು ಕೈಗೊಂಡ ನಿರ್ಧಾರ ಕೇಳಲು ಬಹಳ ಸರಳವಾದುದು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕು. ಶಿಕ್ಷಕಿಯರು ಸಾಮಗ್ರಿಗಳನ್ನು ಹೊತ್ತು ಕೇರಿಗಳಿಗೆ ನಡೆದರು. ಯಾರದೋ ಗುಡಿಸಲಿನ ಮುಂದೆ, ಯಾವುದೋ ಮರದ ನೆರಳಿನಲ್ಲಿ ತರಗತಿ ಕೂಡಿತು. ಮರಾಠಿಯಲ್ಲಿ ಅಂಗಣವೆಂದರೆ ಮನೆಯ ಮುಂದಿನ ಬಯಲು, ವಾಡಿ ಎಂದರೆ ತೋಟ, ಕೇರಿ. ಅದೇ ಅಂಗನವಾಡಿ.

ಅಂಗಳದಲ್ಲಿ ಮೊದಲು ನಡೆಯುತ್ತಿದ್ದುದು ಪಾಠವಲ್ಲ, ಶುಚಿತ್ವದ ಕೆಲಸ. ಮಕ್ಕಳ ಮುಖ ತೊಳೆಯುವುದು, ಮೀಯಿಸುವುದು, ಉಗುರು ಕತ್ತರಿಸುವುದು, ತಲೆ ಬಾಚುವುದು. ತಾಯಂದಿರು ದೂರದಲ್ಲಿ ನಿಂತು ನೋಡುತ್ತಿದ್ದಂತೆಯೇ ಅದು ಅವರಿಗೂ ಪಾಠವಾಗುತ್ತಿತ್ತು. ಆಮೇಲೆ ಹಾಡು, ಕುಣಿತ, ಕಥೆ, ಆಟ. ಮಾಂಟೆಸ್ಸರಿ ಪದ್ಧತಿಯ ನಯಗೊಳಿಸಿದ ಮರದ ಸಾಮಗ್ರಿಗಳನ್ನು ಕೊಳ್ಳುವುದು ಇಂಥ ಕೇಂದ್ರಕ್ಕೆ ಸಾಧ್ಯವಿರಲಿಲ್ಲ. ಕೊಂಡರೂ ಗುಡಿಸಲಿನ ಮಗುವಿಗೆ ಅವು ಪರಕೀಯ. ತಾರಾಬಾಯಿಯವರು ಕಡಲದಂಡೆಯ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಹೂವು, ಜೇಡಿಮಣ್ಣುಗಳನ್ನೇ ಕಲಿಕೆಯ ಸಾಧನಗಳನ್ನಾಗಿ ಮಾಡಿಕೊಂಡರು. ಚಿಕ್ಕದು ದೊಡ್ಡದು, ನುಣುಪು ಒರಟು, ಒಂದು ಎರಡು ಮೂರು, ಎಲ್ಲವನ್ನೂ ಅವುಗಳಿಂದಲೇ ಕಲಿಸಬಹುದಾಗಿತ್ತು. ಪದ್ಧತಿಯನ್ನು ಅನುಕರಿಸುವುದಕ್ಕೂ ಅರಗಿಸಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

1957ರಲ್ಲಿ ಕೇಂದ್ರವು ಡಹಾಣೂ ತಾಲೂಕಿನ ಕೋಸಬಾಡ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಸುತ್ತಲೂ ವಾರ್ಲಿ ಆದಿವಾಸಿಗಳ ಪಾಡಾಗಳು. ಇಲ್ಲಿ ಅವರಿಗೆ ಎದುರಾದ ಸಮಸ್ಯೆ, ನಮ್ಮ ಮಟ್ಟಿಗೆ ಹೇಳುವುದಾದರೆ, ಈ ಇಡೀ ಜೀವನಚರಿತ್ರೆಯ ಹೃದಯಸ್ಥಾನದಲ್ಲಿದೆ. ಏಳೆಂಟು ವರ್ಷದ ಹುಡುಗಿಯರು ಶಾಲೆಗೆ ಬರುತ್ತಿರಲಿಲ್ಲ. ಏಕೆಂದರೆ ತಾಯಿ ಕೂಲಿಗೆ ಹೋದಾಗ ಮನೆಯ ಕೂಸನ್ನು ಎತ್ತಿಕೊಳ್ಳುವ ಸೊಂಟ ಅವರದೇ. ಶಾಲೆಗೆ ಬಾ ಎಂದು ಹುಡುಗಿಯನ್ನು ಕರೆದರೆ ಕೂಸು ಅನಾಥ, ಕೂಸಿನ ಜೊತೆ ಇರಲು ಬಿಟ್ಟರೆ ಹುಡುಗಿ ಅನಕ್ಷರಸ್ಥೆ. ಎಂಟು ವರ್ಷದವಳು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಕೂಸಿಗೆ ಹೊತ್ತುಹೊತ್ತಿಗೆ ಬೇಕಾದ ಆಹಾರ, ಶುಚಿ, ಮಾತುಕತೆಗಳು ದೊರೆಯುವುದು ದುಸ್ತರ. ಒಂದೇ ಬಡತನ ಎರಡು ಬಾಲ್ಯಗಳನ್ನು ಒಟ್ಟಿಗೇ ನುಂಗುತ್ತಿತ್ತು.

ತಾರಾಬಾಯಿ, ಅನುತಾಯಿಯವರು ಇದಕ್ಕೆ ಕಂಡುಕೊಂಡ ಪರಿಹಾರವೇ ವಿಕಾಸವಾಡಿ. ಕೂಸುಗಳಿಗೆ ಶಿಶುಪಾಲನಾ ಕೇಂದ್ರ, ಅದಕ್ಕೆ ಹೊಂದಿಕೊಂಡಂತೆ ಬಾಲವಾಡಿ, ಅದರ ಪಕ್ಕದಲ್ಲೇ ಪ್ರಾಥಮಿಕ ಶಾಲೆ, ಮೂರೂ ಒಂದೇ ಆವರಣದಲ್ಲಿ. ಹುಡುಗಿ ಕೂಸನ್ನು ಎತ್ತಿಕೊಂಡೇ ಬರಬಹುದು. ಕೂಸನ್ನು ಒಂದು ಕಡೆ ಇಳಿಸಿ, ನಡುವಿನ ತಮ್ಮನನ್ನು ಇನ್ನೊಂದು ಕಡೆ ಬಿಟ್ಟು, ತಾನು ತರಗತಿಯಲ್ಲಿ ಕುಳಿತುಕೊಳ್ಳಬಹುದು. ದನ ಕಾಯುವ ಹುಡುಗರಿಗಾಗಿ ಅವರು ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಮರಾಠಿಯಲ್ಲಿ ಅದಕ್ಕೆ ಕುರಣಶಾಳಾ ಎಂದು ಹೆಸರು. ದನಗಳು ಮೇಯುತ್ತಿದ್ದವು, ಹುಡುಗರು ಕಲಿಯುತ್ತಿದ್ದರು.

ಈ ಕಥೆಯನ್ನು ಓದುವಾಗ ಮುಂಬಯಿ ಕನ್ನಡಿಗರಾದ ನಮಗೆ ನಮ್ಮದೇ ಇತಿಹಾಸ ನೆನಪಾಗದಿರದು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು ಹೊಟೇಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕೋಟೆ ಮತ್ತಿತರ ಭಾಗಗಳಲ್ಲಿ ಕನ್ನಡ ರಾತ್ರಿಶಾಲೆಗಳನ್ನು ತೆರೆದರು. ಹಗಲು ಹುಡುಗನದಲ್ಲದಿದ್ದರೆ ಶಾಲೆಯೇ ರಾತ್ರಿಗೆ ಸರಿಯಲಿ ಎಂಬ ಆ ವಿವೇಕ ಮತ್ತು ಕುರಣಶಾಳೆಯ ವಿವೇಕ ಒಂದೇ ಜಾತಿಯವು. ಅಂದು ರಾತ್ರಿಶಾಲೆಯಲ್ಲಿ ಕಲಿತವರು ಇಂದು ನಮ್ಮ ಸಂಘಸಂಸ್ಥೆಗಳ ಹಿರಿಯರು. ಆದರೆ ನಮ್ಮ ಪ್ರಯತ್ನ ಆರಂಭವಾದದ್ದು ಹನ್ನೆರಡು ಹದಿನಾಲ್ಕರ ವಯಸ್ಸಿನಿಂದ. ತಾರಾಬಾಯಿಯವರು ಅದಕ್ಕೂ ಹತ್ತು ವರ್ಷ ಹಿಂದಕ್ಕೆ, ತೊಟ್ಟಿಲಿನ ಹತ್ತಿರಕ್ಕೆ ಹೋದರು.

1962ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. 1973ರ ಆಗಸ್ಟ್ 31ರಂದು ಅವರು ನಿಧನರಾದರು. ಗುಡ್ಡದ ಹೊಣೆಯನ್ನು ಅನುತಾಯಿ ಹೊತ್ತು, 1984ರಲ್ಲಿ ಪದ್ಮಶ್ರೀ ಪುರಸ್ಕೃತರಾಗಿ, 1992ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು.

ತಾರಾಬಾಯಿಯವರು ತೀರಿಕೊಂಡ ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 2ರಂದು, ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಅದರ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಆ 33ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಇತ್ತು, ನಮ್ಮ ಮುಂಬಯಿಯ ಧಾರಾವಿಯೂ ಇತ್ತು. ಹುಟ್ಟಿದೂರಿಗೂ ನೆಲೆಸಿದೂರಿಗೂ ಆ ಹೆಸರು ಒಂದೇ ಸಲಕ್ಕೆ ಬಂದದ್ದು ಹೀಗೆ. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೌಷ್ಟಿಕತೆಯ ತಿಳುವಳಿಕೆ, ಈ ಆರು ಸೇವೆಗಳು ಅದರ ಹೊಣೆ. ಬೋರ್ಡಿಯ ಅಂಗಳ ಹೀಗೆ ದೇಶದ ಅಂಗಳವಾಯಿತೆಂದು ಸಂತೋಷಪಡಬಹುದು. ಆದರೆ ಹೆಸರು ಹರಡಿದಷ್ಟು ಸುಲಭವಾಗಿ ಸತ್ವ ಹರಡಲಿಲ್ಲ. ಆಹಾರ ಹಂಚುವಿಕೆ ಮತ್ತು ದಾಖಲೆ ತುಂಬುವಿಕೆಗಳ ನಡುವೆ ಮಗುವಿನೊಂದಿಗೆ ಆಡುವ, ಮಾತನಾಡುವ ಹೊತ್ತು ಬಹಳ ಕಡೆ ಕರಗಿಹೋಯಿತು. ಇಷ್ಟೆಲ್ಲ ಹೊರುವ ಕಾರ್ಯಕರ್ತೆಯರು ಇಂದಿಗೂ ಸಂಬಳದವರಲ್ಲ, ಗೌರವಧನದವರು. ಗುಡ್ಡದ ಮೇಲಿನ ಆ ಇಬ್ಬರು ಹೆಂಗಸರ ತ್ಯಾಗವನ್ನು ಹೊಗಳುವ ನಾವು ಲಕ್ಷಾಂತರ ಹೆಂಗಸರಿಂದ ಅದೇ ತ್ಯಾಗವನ್ನು ಕಡ್ಡಾಯವಾಗಿ ನಿರೀಕ್ಷಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ತಾರಾಬಾಯಿಯವರು ವೈದ್ಯೆಯಲ್ಲ. ಹುಟ್ಟಿನಿಂದ ಕಿವಿ ಕೇಳದ, ದೃಷ್ಟಿ ಮಂದವಾದ, ನಡಿಗೆ ಮಾತುಗಳಲ್ಲಿ ಹಿಂದುಳಿದ ಶಿಶುವನ್ನು ಶಾಸ್ತ್ರೀಯವಾಗಿ ಗುರುತಿಸುವ ವಿಧಾನ ಅವರ ಕಾಲದ ಬಾಲವಾಡಿಗಳಿಗೆ ತಿಳಿದಿರಲಿಲ್ಲ. ಆ ಕೊಂಡಿ ಬಂದು ಸೇರಿದ್ದು ಬಹಳ ತಡವಾಗಿ, ಅದೂ ಅದೇ ರೈಲು ಮಾರ್ಗದ ಮೇಲೆ. 2013ರ ಫೆಬ್ರವರಿಯಲ್ಲಿ ಪಾಲ್ಘರಿನಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉದ್ಘಾಟನೆಗೊಂಡಿತು. ಬೋರ್ಡಿ, ಕೋಸಬಾಡಗಳು 2014ರಿಂದ ಸೇರಿರುವುದು ಅದೇ ಪಾಲ್ಘರ್ ಜಿಲ್ಲೆಗೆ. ಈ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೇ ಹೋಗಿ, ಹುಟ್ಟಿನ ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯಲ್ಲಿ ವಿಳಂಬ ಇವುಗಳಿಗಾಗಿ ಮಕ್ಕಳನ್ನು ಪರೀಕ್ಷಿಸಬೇಕು. ಅಗತ್ಯವಿದ್ದವರನ್ನು ಕಳುಹಿಸಲು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಲ್ಲಿ ಮಕ್ಕಳ ತಜ್ಞರೊಡನೆ ಶ್ರವಣ, ವಾಕ್, ಅಂಗಸಾಧನೆಯ ಚಿಕಿತ್ಸಕರೂ ಇರಬೇಕೆಂಬುದು ನಿಯಮ.

ಶೀಘ್ರ ಎಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಕಣ್ಣಿನ ಅಕ್ಷಿಪಟಲವನ್ನು ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷಿಸಬೇಕು. ತಡವಾದರೆ ಕೆಲವರಿಗೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಕರ್ನಾಟಕದಲ್ಲಿ 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ ತಂಡ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶುವಿಭಾಗಗಳಿಗೇ ಹೋಗಿ ಈ ಪರೀಕ್ಷೆ ನಡೆಸುತ್ತ ಬಂದಿದೆ. ಅಂಗಳಕ್ಕೆ ಹೋಗುವ ಕ್ರಮವೇ ಇದು, ಸಾಧನ ಮಾತ್ರ ಬೇರೆ. ಕಿವಿಯ ವಿಷಯವೂ ಹೀಗೆಯೇ. ಮೊದಲ ಎರಡು ಮೂರು ವರ್ಷಗಳಲ್ಲಿ ನುಡಿ ಕಿವಿಗೆ ಬೀಳದಿದ್ದರೆ ಮಾತು ಮೂಡುವುದು ಬಹಳ ಕಷ್ಟ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಅಂಥದೇ ರಾಷ್ಟ್ರೀಯ ಸಂಸ್ಥೆಯೊಂದು, ಅಲಿ ಯಾವರ್ ಜಂಗ್ ಅವರ ಹೆಸರಿನಲ್ಲಿ, 1983ರಿಂದ ಅಂಧೇರಿಗೆ ಅನತಿ ದೂರದ ಬಾಂದ್ರಾದಲ್ಲೇ ಇದೆ.

ಆದರೂ ನಮ್ಮ ಸುಶಿಕ್ಷಿತ ಮನೆಗಳಲ್ಲೇ ವಿಳಂಬ ನಡೆಯುತ್ತದೆ. ಎರಡು ವರ್ಷ ಕಳೆದರೂ ಮಗು ಮಾತನಾಡದಿದ್ದರೆ, ಅದರ ಅಪ್ಪನೂ ತಡವಾಗಿ ಮಾತನಾಡಿದವನೇ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮನೆಯಲ್ಲಿ ತುಳುವೋ ಕನ್ನಡವೋ, ಹೊರಗೆ ಹಿಂದಿ, ಮರಾಠಿ, ಹೀಗಾಗಿ ಗೊಂದಲವೆಂದು ಇನ್ನೊಬ್ಬರು ಕಾರಣ ಕೊಡುತ್ತಾರೆ. ಹಲವು ಭಾಷೆಗಳ ಮನೆಯಲ್ಲಿ ಬೆಳೆಯುವುದರಿಂದ ಕಿವಿ ಕೇಳುವ ಮಗು ಮೂಕವಾಗುವುದಿಲ್ಲವೆಂಬುದನ್ನು ತಜ್ಞರು ಸ್ಪಷ್ಟವಾಗಿಯೇ ಹೇಳುತ್ತಾರೆ. ಅಜ್ಜಿಯ ಸಮಾಧಾನ ನಿಜವೂ ಆಗಬಹುದು. ಅದು ನಿಜವೋ ಅಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು. ಅದನ್ನು ಮುಂದೂಡುವುದು ಹೆಚ್ಚಾಗಿ ಸಂಕೋಚದಿಂದ, ನಾಲ್ಕು ಜನ ಏನೆಂದಾರು ಎಂಬ ಅಳುಕಿನಿಂದ.

ನಮ್ಮ ಕಟ್ಟಡಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದಿರುವ ಕನ್ನಡದ ಕುಟುಂಬಗಳ ಸ್ಥಿತಿ ಬೇರೆಯೇ. ಅವರಿಗೆ ಸಂಕೋಚವಲ್ಲ, ಭಾಷೆಯೇ ತೊಡಕು. ಅಂಧೇರಿ ಪೂರ್ವದ ಝೋಪಡಪಟ್ಟಿಯೊಂದರ ಅಂಗನವಾಡಿಯಲ್ಲಿ ಮಕ್ಕಳ ತಪಾಸಣೆ ನಡೆದಾಗ ನಮ್ಮವರೊಬ್ಬರು ದುಭಾಷಿಯಾಗಿ ಕುಳಿತಿದ್ದರು. ಮಗು ಎಷ್ಟನೆಯ ತಿಂಗಳಿಗೆ ಕುಳಿತಿತು, ಕರೆದರೆ ತಿರುಗಿ ನೋಡುತ್ತದೆಯೇ ಎಂಬ ಪ್ರಶ್ನೆಗಳು ಮರಾಠಿಯಲ್ಲಿದ್ದವು. ಕನ್ನಡದಲ್ಲಿ ಕೇಳಿದಾಗಲೂ ತಾಯಿ ಉತ್ತರಿಸಲು ತಡವರಿಸಿದಳು, ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಕೆಲಸದ ಮೇಲಿರುತ್ತಿದ್ದಳು. ಉತ್ತರ ಬಂದದ್ದು ಪಕ್ಕದಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಎಂಟೊಂಬತ್ತು ವರ್ಷದ ಅಕ್ಕನಿಂದ. ತಮ್ಮ ತನ್ನನ್ನು ಕಂಡರೆ ನಗುತ್ತಾನೆ, ಆದರೆ ಹಿಂದಿನಿಂದ ಎಷ್ಟು ಕೂಗಿದರೂ ತಿರುಗುವುದಿಲ್ಲವೆಂದು ಆಕೆ ವಿವರಿಸಿದಳು. ಕೂಸನ್ನು ಶ್ರವಣ ಪರೀಕ್ಷೆಗೆ ಬರೆದುಕೊಟ್ಟರು. ಹುಡುಗಿಯ ಹೆಸರು ಯಾವ ಶಾಲೆಯಲ್ಲಿದೆ ಎಂದು ವಿಚಾರಿಸಿದಾಗ, ಮುಂಬಯಿಗೆ ಬಂದ ಮೇಲೆ ಅವಳನ್ನು ಶಾಲೆಗೆ ಸೇರಿಸಿಯೇ ಇಲ್ಲವೆಂಬುದು ತಿಳಿದುಬಂತು.